ಹಗರಣದ ಸುದ್ದಿ ದಿನಾ ಬಂದರೂ ಕಟ್ಟಾ ಬೆಂಬಲಿಗರು ಯಾಕೆ ಕದಲುವುದಿಲ್ಲ?

1998ರ ಜನವರಿ ಮಧ್ಯದಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಕೆಲಸವನ್ನು ಮೆಚ್ಚುತ್ತಿದ್ದವರು ಗ್ಯಾಲಪ್ ಸಮೀಕ್ಷೆಯ ಪ್ರಕಾರ ಶೇ 60ರಷ್ಟು. ಅದೇ ತಿಂಗಳ 21ರಂದು, ಶ್ವೇತಭವನದಲ್ಲಿ ಇಂಟರ್ನ್ ಆಗಿದ್ದ ಮೋನಿಕಾ ಲೆವಿನ್ಸ್ಕಿ ಜೊತೆಗಿನ ಅವರ ಸಂಬಂಧದ ಸುದ್ದಿ ಮುಖಪುಟಕ್ಕೆ ಬಂತು. ಆಮೇಲೆ ಒಂದು ವರ್ಷ ಅದು ನಿಲ್ಲಲೇ ಇಲ್ಲ. ಬೆಳಿಗ್ಗೆ ಪೇಪರಿನಲ್ಲಿ ಅದೇ, ಸಂಜೆ ಟಿವಿಯಲ್ಲಿ ಅದೇ, ರಾತ್ರಿ ಚರ್ಚೆಯಲ್ಲೂ ಅದೇ. ಸೆಪ್ಟೆಂಬರಿನಲ್ಲಿ ತನಿಖಾಧಿಕಾರಿ ಕೆನ್ ಸ್ಟಾರ್ ಅವರ ವರದಿ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಕ್ಕಿತು. ಡಿಸೆಂಬರ್ 19ರಂದು ಸಂಸತ್ತಿನ ಕೆಳಮನೆ ವಾಗ್ದಂಡನೆಗೆ, ಅಂದರೆ ಅಧ್ಯಕ್ಷರನ್ನು ಹುದ್ದೆಯಿಂದ ಇಳಿಸಲು ಆರೋಪ ಹೊರಿಸುವುದಕ್ಕೆ, ಮತ ಹಾಕಿತು. ಆ ವಾರಾಂತ್ಯದಲ್ಲೇ ಗ್ಯಾಲಪ್ ಮತ್ತೆ ಜನರನ್ನು ಕೇಳಿತು. ಮೆಚ್ಚುಗೆ ಶೇ 73ಕ್ಕೆ ಏರಿತ್ತು.

ಇನ್ನೊಬ್ಬ ಅಧ್ಯಕ್ಷರ ಕತೆ ಪೂರ್ತಿ ಉಲ್ಟಾ. ರಿಚರ್ಡ್ ನಿಕ್ಸನ್ ಅವರನ್ನು 1973ರ ಜನವರಿಯಲ್ಲಿ ಶೇ 67ರಷ್ಟು ಜನ ಮೆಚ್ಚುತ್ತಿದ್ದರು. ವಾಟರ್‌ಗೇಟ್ ಹಗರಣದ ನಡುವೆ 1974ರ ಆಗಸ್ಟ್ ಹೊತ್ತಿಗೆ ಅದು ಶೇ 24ಕ್ಕೆ ಕುಸಿಯಿತು, ಅವರು ರಾಜೀನಾಮೆ ಕೊಟ್ಟರು.

ಎರಡು ಪ್ರಕರಣದಲ್ಲೂ ಸುದ್ದಿಗೇನೂ ಬರ ಇರಲಿಲ್ಲ. ಹಾಗಾದರೆ ಒಬ್ಬರನ್ನು ಮುಳುಗಿಸಿದ್ದು, ಇನ್ನೊಬ್ಬರನ್ನು ತೇಲಿಸಿದ್ದು ಯಾವುದು? ಟಿವಿಯವರು ಬೆನ್ನು ಹತ್ತಿದರೆ ಯಾರನ್ನಾದರೂ ಇಳಿಸಬಹುದು ಎಂದು ಕೆಲವರು ನಂಬುತ್ತಾರೆ. ಎಷ್ಟು ತೋರಿಸಿದರೂ ಜನ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಸಂಶೋಧನೆ ಓದುತ್ತಾ ಹೋದರೆ ಎರಡೂ ಪೂರ್ತಿ ನಿಜವಲ್ಲ ಅನ್ನಿಸುತ್ತದೆ. ಸುದ್ದಿ ಎಷ್ಟು ಸಲ ಬಂತು ಅನ್ನುವುದಕ್ಕಿಂತ ಪ್ರತಿ ಸಲ ಹೊಸದೇನಿತ್ತು, ಅದನ್ನು ಯಾರು ಹೇಳಿದರು, ಕೇಳುವವರು ನಾಯಕನನ್ನು ಆ ಹೊತ್ತಿಗೆ ಯಾವ ಅಳತೆಗೋಲಿನಲ್ಲಿ ಅಳೆಯುತ್ತಿದ್ದರು, ಇವೇ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ಮನಸ್ಸಿನ ಕಡೆಯಿಂದ ನೋಡೋಣ. ನಾವು ಮೆಚ್ಚಿದ ನಾಯಕನ ಬಗ್ಗೆ ಕೆಟ್ಟ ಸುದ್ದಿ ಬಂದಾಗ ಮನಸ್ಸು ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ. ತಕ್ಷಣ ವಾದಕ್ಕೆ ನಿಲ್ಲುತ್ತದೆ. ಇದನ್ನು ಬರೆದವರು ಯಾರು? ಚುನಾವಣೆ ಹತ್ತಿರ ಬಂದಾಗಲೇ ಯಾಕೆ ಬಂತು? ಆ ಪಕ್ಷದವರು ಇದಕ್ಕಿಂತ ದೊಡ್ಡದು ಮಾಡಿಲ್ವಾ? ಅದೇ ಸುದ್ದಿ ಎದುರು ಪಕ್ಷದವರ ಬಗ್ಗೆ ಬಂದರೆ ಈ ಪ್ರಶ್ನೆಗಳಲ್ಲಿ ಒಂದೂ ಏಳುವುದಿಲ್ಲ. ‘ಗೊತ್ತಿತ್ತು ಬಿಡಿ’ ಅಂದುಕೊಂಡು ಮುಂದೆ ಹೋಗುತ್ತೇವೆ. ಇದು ಓದಿದವರು, ಓದದವರು ಎಂಬ ಭೇದವಿಲ್ಲದೆ ಎಲ್ಲರಲ್ಲೂ ನಡೆಯುತ್ತದೆ. ರಾಜಕೀಯ ಚೆನ್ನಾಗಿ ತಿಳಿದವರಲ್ಲಿ ಜಾಸ್ತಿಯೇ ನಡೆಯಬಹುದು, ಯಾಕೆಂದರೆ ಅವರ ಬಳಿ ಪ್ರತಿವಾದಕ್ಕೆ ಬೇಕಾದ ಸಾಮಗ್ರಿ ಹೆಚ್ಚು.

ಇದಕ್ಕೆ ಮಿತಿ ಇದೆಯೇ ಎಂದು ನೋಡಲು ಡೇವಿಡ್ ರೆಡ್‌ಲಾಸ್ಕ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಕಂಪ್ಯೂಟರ್ ಪರದೆಯ ಮೇಲೆ ಒಂದು ನಕಲಿ ಚುನಾವಣೆ. ಜನ ತಮಗಿಷ್ಟವಾದ ಅಭ್ಯರ್ಥಿಯನ್ನು ಆರಿಸಿಕೊಳ್ಳುತ್ತಾರೆ. ಆಮೇಲೆ ಆ ಅಭ್ಯರ್ಥಿಯ ಬಗ್ಗೆ ಅವರಿಗೆ ಹಿಡಿಸದ ಮಾಹಿತಿ ಬರಲು ಶುರುವಾಗುತ್ತದೆ. ಕೆಲವರಿಗೆ ಸ್ವಲ್ಪ, ಕೆಲವರಿಗೆ ಹೆಚ್ಚು. ಸ್ವಲ್ಪವೇ ಕೆಟ್ಟ ಮಾಹಿತಿ ಸಿಕ್ಕವರಲ್ಲಿ ಅಭ್ಯರ್ಥಿಯ ಮೇಲಿನ ಒಲವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅವರು ಮನಸ್ಸಿನಲ್ಲೇ ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಂಡು ಇನ್ನಷ್ಟು ಗಟ್ಟಿಯಾದರು. ಆದರೆ ಆ ಮಾಹಿತಿ ಏರುತ್ತಾ ಹೋದಂತೆ ಒಂದು ಹಂತದಲ್ಲಿ ಇದು ನಿಂತಿತು. ಕಳವಳ ಶುರುವಾಯಿತು. ಅಲ್ಲಿಂದ ಮುಂದೆ ಅವರು ಸಮರ್ಥನೆ ಬಿಟ್ಟು ಲೆಕ್ಕ ಹಾಕಲು ತೊಡಗಿದರು, ಒಲವು ಇಳಿಯಿತು.

ಇದನ್ನು ಓದಿದವರು ‘ಹಾಗಾದರೆ ಸಾಕಷ್ಟು ಸಲ ತೋರಿಸಿದರೆ ಆಯ್ತಲ್ಲ’ ಅನ್ನಬಹುದು. ಇಲ್ಲೇ ಎಚ್ಚರ ಬೇಕು. ಪ್ರಯೋಗದಲ್ಲಿ ಜನರಿಗೆ ಸಿಕ್ಕಿದ್ದು ಬೇರೆಬೇರೆ ಮಾಹಿತಿ. ನಿಜ ಜೀವನದಲ್ಲಿ ನಮಗೆ ಸಿಗುವುದು ಬಹುಪಾಲು ಒಂದೇ ಮಾಹಿತಿಯ ಪುನರಾವರ್ತನೆ. ಬೆಳಿಗ್ಗೆ ತೋರಿಸಿದ ದೃಶ್ಯವನ್ನೇ ‘ಬ್ರೇಕಿಂಗ್ ನ್ಯೂಸ್’ ಎಂದು ಮತ್ತೆ ರಾತ್ರಿಯವರೆಗೆ ತೋರಿಸಿದರೆ ಅದು ಒಂದೇ ಸುದ್ದಿ. ಮೊದಲ ಸಲ ಕೇಳಿದಾಗ ಬೆಂಬಲಿಗ ಅದಕ್ಕೊಂದು ಉತ್ತರ ಹುಡುಕಿಕೊಂಡಿರುತ್ತಾನೆ. ಇಪ್ಪತ್ತನೇ ಸಲಕ್ಕೆ ಆ ಉತ್ತರ ಬಾಯಿಪಾಠವಾಗಿರುತ್ತದೆ. ಅಷ್ಟು ಹೊತ್ತಿಗೆ ಅವನ ಸಿಟ್ಟು ನಾಯಕನಿಂದ ಸರಿದು ಚಾನೆಲ್ ಮೇಲೆ ತಿರುಗಿರುತ್ತದೆ.

ವಾಟರ್‌ಗೇಟ್‌ನಲ್ಲಿ ನಿಜಕ್ಕೂ ಏನಾಯಿತು

ಪತ್ರಿಕೆಗಳು ಬರೆದವು, ನಿಕ್ಸನ್ ಇಳಿದರು ಎಂದು ವಾಟರ್‌ಗೇಟ್ ಕತೆಯನ್ನು ಹೇಳುವುದು ರೂಢಿ. ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಕತೆ ಬೇರೆ.

1972ರ ಜೂನ್ 17ರಂದು ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರು ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ, ನಿಕ್ಸನ್ನರ ಮರುಚುನಾವಣಾ ಸಮಿತಿಯ ನಂಟಿದ್ದ ಐವರು ಸಿಕ್ಕಿಬಿದ್ದರು. ವಾಷಿಂಗ್ಟನ್ ಪೋಸ್ಟ್‌ನ ಬಾಬ್ ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಆ ಬೇಸಿಗೆಯಿಂದಲೇ ವರದಿ ಮಾಡತೊಡಗಿದರು. ನವೆಂಬರಿನ ಚುನಾವಣೆಯಲ್ಲಿ ಏನಾಯಿತು? ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದರು. ಚುನಾವಣೆಗೆ ಮುಂಚಿನ ತಿಂಗಳುಗಳಲ್ಲಿ ವಾಟರ್‌ಗೇಟ್ ಎಂಬ ಹೆಸರು ಕೇಳಿದವರು ಸುಮಾರು ಅರ್ಧದಷ್ಟು ಜನ ಮಾತ್ರ. ಕೇಳಿದವರಲ್ಲೂ ಬಹಳ ಮಂದಿಗೆ ಅದು ಚುನಾವಣೆ ಸಮಯದ ಮಾಮೂಲಿ ಕೆಸರೆರಚಾಟವಾಗಿ ಕಂಡಿತು.

1973ರ ಮೇ 17ರಂದು ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಸಮಿತಿಯ ವಿಚಾರಣೆ ಟಿವಿಯಲ್ಲಿ ಶುರುವಾಯಿತು. ಆಗ ಅಲ್ಲಿ ಇದ್ದದ್ದು ಮೂರೇ ದೊಡ್ಡ ಟಿವಿ ಜಾಲಗಳು, ಮೊದಲು ಮೂರೂ ಒಟ್ಟಿಗೆ, ಆಮೇಲೆ ಸರದಿಯಂತೆ ಅದನ್ನು ತೋರಿಸಿದವು. ಸಾರ್ವಜನಿಕ ವಾಹಿನಿ ರಾತ್ರಿ ಮತ್ತೆ ಪೂರ್ತಿ ಹಾಕುತ್ತಿತ್ತು. ನೇರಪ್ರಸಾರ ನೋಡಿದ್ದೇವೆ ಎಂದು ಶೇ 71ರಷ್ಟು ಜನ ಗ್ಯಾಲಪ್‌ಗೆ ಹೇಳಿದರು. ನಿಕ್ಸನ್ನರ ರಿಪಬ್ಲಿಕನ್ ಪಕ್ಷದ ಬೆಂಬಲಿಗನಿಗೆ ತನ್ನ ಪಕ್ಷದ ಪರವಾಗಿಯೇ ಸುದ್ದಿ ಹೇಳುವ ಬೇರೆ ಚಾನೆಲ್ ಇರಲಿಲ್ಲ.

ಅಲ್ಲಿ ಕಂಡ ಮುಖಗಳು ಯಾರವು ಎಂಬುದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಜೂನ್ 25ರಿಂದ ಸಾಕ್ಷಿ ಹೇಳಿದ ಜಾನ್ ಡೀನ್ ನಿಕ್ಸನ್ನರ ಶ್ವೇತಭವನದಲ್ಲಿ ಕಾನೂನು ಸಲಹೆಗಾರರಾಗಿ ಕೆಲಸ ಮಾಡಿದವರು. ಅವರು 245 ಪುಟಗಳ ಹೇಳಿಕೆ ಓದಿದರು. ಜುಲೈ 16ರಂದು, ಅಧ್ಯಕ್ಷರ ಕೊಠಡಿಯ ಮಾತುಗಳೆಲ್ಲ ಟೇಪ್‌ನಲ್ಲಿ ದಾಖಲಾಗುತ್ತಿದ್ದವು ಎಂದು ಬಾಯಿಬಿಟ್ಟ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಕೂಡ ಅವರ ಹತ್ತಿರದ ಸಿಬ್ಬಂದಿಯೇ. ಅಧ್ಯಕ್ಷರಿಗೆ ಏನು ಗೊತ್ತಿತ್ತು, ಯಾವಾಗ ಗೊತ್ತಾಯಿತು ಎಂದು ಸಮಿತಿಯಲ್ಲಿ ಕೇಳುತ್ತಾ ಹೋದ ಹೊವರ್ಡ್ ಬೇಕರ್ ರಿಪಬ್ಲಿಕನ್ ಸೆನೆಟರ್. ಇವರನ್ನೆಲ್ಲ ‘ಎದುರು ಪಕ್ಷದವರು, ಹೇಳುತ್ತಾರೆ ಬಿಡಿ’ ಎಂದು ತಳ್ಳಿಹಾಕುವುದು ಕಷ್ಟ.

ಆದರೂ ಜನ ಒಮ್ಮೆಲೇ ತಿರುಗಿಬೀಳಲಿಲ್ಲ. ವಾಟರ್‌ಗೇಟ್ ಗಂಭೀರ ವಿಷಯ, ಬರೀ ರಾಜಕೀಯವಲ್ಲ ಎನ್ನುವವರು ವಿಚಾರಣೆಗೆ ಮೊದಲು ಶೇ 31 ಇದ್ದದ್ದು ಆಮೇಲೆ ಶೇ 53 ಆಯಿತು. ಆದರೆ ನಿಕ್ಸನ್ನರನ್ನು ತೆಗೆಯಬೇಕು ಎನ್ನುವವರು ಆಗಲೂ ಶೇ 26 ಮಾತ್ರ. ತಪ್ಪು ಎಂದು ಒಪ್ಪುವುದಕ್ಕೂ ಕೆಳಗಿಳಿಯಲಿ ಎನ್ನುವುದಕ್ಕೂ ನಡುವೆ ಅಷ್ಟು ದೂರ ಇತ್ತು. 1973ರ ಅಕ್ಟೋಬರ್ 20ರ ಶನಿವಾರ ರಾತ್ರಿ ವಿಶೇಷ ತನಿಖಾಧಿಕಾರಿ ಆರ್ಚಿಬಾಲ್ಡ್ ಕಾಕ್ಸ್ ಅವರನ್ನು ನಿಕ್ಸನ್ ತೆಗೆಸಿದರು. ಅದನ್ನು ಮಾಡಲೊಪ್ಪದೆ ಅವರೇ ನೇಮಿಸಿದ್ದ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು. ಆಮೇಲೆ ಆ ಶೇ 26 ಶೇ 38ಕ್ಕೆ ಏರಿತು. ಶೇ 57 ಆಗಿದ್ದು 1974ರ ಆಗಸ್ಟ್‌ನಲ್ಲಿ. ಅದಕ್ಕೆ ಮೊದಲು ಸುಪ್ರೀಂ ಕೋರ್ಟ್ ಒಮ್ಮತದಿಂದ ಟೇಪ್ ಕೊಡಿ ಎಂದಿತ್ತು. ಕೆಳಮನೆಯ ನ್ಯಾಯ ಸಮಿತಿಯಲ್ಲಿದ್ದ 17 ರಿಪಬ್ಲಿಕನ್ನರಲ್ಲಿ 6 ಮಂದಿ ವಾಗ್ದಂಡನೆಯ ಪರ ಮತ ಹಾಕಿದ್ದರು. ತನಿಖೆಯ ದಾರಿ ತಪ್ಪಿಸಲು ನಿಕ್ಸನ್ ಸ್ವತಃ ಒಪ್ಪಿಗೆ ಕೊಟ್ಟದ್ದು ದಾಖಲಾಗಿದ್ದ ಟೇಪ್ ಆಗಸ್ಟ್ 5ರಂದು ಹೊರಬಂತು. 7ರಂದು ಅವರ ಪಕ್ಷದ ಹಿರಿಯ ಬ್ಯಾರಿ ಗೋಲ್ಡ್‌ವಾಟರ್ ಮತ್ತಿಬ್ಬರು ನಾಯಕರ ಜೊತೆ ಹೋಗಿ, ನಿಮ್ಮ ಪರ ಸೆನೆಟ್‌ನಲ್ಲಿ ಮತಗಳಿಲ್ಲ ಎಂದು ಮುಖಾಮುಖಿ ಹೇಳಿದರು.

ಎರಡು ವರ್ಷದ ಈ ಪಟ್ಟಿಯಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಹೊಸ ಸಂಗತಿ ಇದೆ, ಬಹಳ ಕಡೆ ಅದು ಸ್ವಪಕ್ಷದವರಿಂದಲೇ ಬಂದಿದೆ. ಇಷ್ಟೆಲ್ಲ ಆದ ಮೇಲೂ, ನಿಕ್ಸನ್ ಹೊರಟು ನಿಂತ ದಿನಗಳಲ್ಲಿ ರಿಪಬ್ಲಿಕನ್ ಬೆಂಬಲಿಗರಲ್ಲಿ ಸುಮಾರು ಅರ್ಧದಷ್ಟು ಜನ ಅವರನ್ನು ಇನ್ನೂ ಮೆಚ್ಚುತ್ತಿದ್ದರು. ಪಕ್ಷದ ನಂಟು ಎಷ್ಟು ಗಟ್ಟಿ ಎನ್ನುವುದಕ್ಕೆ ಈ ಒಂದು ಅಂಕಿ ಸಾಕು.

ಅಳತೆಗೋಲು ಯಾವುದು

ಈಗ ಕ್ಲಿಂಟನ್ ಕಡೆ ಬರೋಣ. ಜಾನ್ ಝಾಲರ್ ಎಂಬ ರಾಜ್ಯಶಾಸ್ತ್ರಜ್ಞ 1998ರಲ್ಲೇ ಈ ಪ್ರಶ್ನೆ ಎತ್ತಿಕೊಂಡು ಒಂದು ಲೇಖನ ಬರೆದರು. ಅವರ ಉತ್ತರ ಸರಳ. ದೇಶ ಯುದ್ಧದಲ್ಲಿ ಸಿಕ್ಕಿಕೊಂಡಿಲ್ಲ, ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದೆ, ಅಧ್ಯಕ್ಷರ ನೀತಿಗಳು ಮಧ್ಯಮ ದಾರಿಯವು. ಹೀಗಿರುವಾಗ ಜನ ಅವರ ಕೆಲಸವನ್ನು ಮೆಚ್ಚಿದರೆ ಅಚ್ಚರಿ ಏನು? ಆ ವರ್ಷ ಅಮೆರಿಕದಲ್ಲಿ ನಿರುದ್ಯೋಗ ಶೇ 4.5ರ ಆಸುಪಾಸಿನಲ್ಲಿತ್ತು. ಕ್ಲಿಂಟನ್ ಪ್ರಾಮಾಣಿಕರೇ ಎಂದು ಕೇಳಿದಾಗ ಬಹಳ ಜನ ಇಲ್ಲ ಎನ್ನುತ್ತಿದ್ದರು. ಕೆಲಸ ಹೇಗೆ ಮಾಡುತ್ತಿದ್ದಾರೆ ಎಂದರೆ ಚೆನ್ನಾಗಿ ಮಾಡುತ್ತಿದ್ದಾರೆ ಎನ್ನುತ್ತಿದ್ದರು. ಅವರಿಗೆ ಸುದ್ದಿ ತಲುಪಿತ್ತು. ಆದರೆ ಅದು ಅವರು ಕೆಲಸಕ್ಕೆ ಹಿಡಿದ ಅಳತೆಗೋಲಾಗಲಿಲ್ಲ. ಜೊತೆಗೆ ಅವರದೇ ಡೆಮಾಕ್ರಟಿಕ್ ಪಕ್ಷದ ನಾಯಕರು ಬಹುಪಾಲು ಒಟ್ಟಾಗಿ ಕ್ಲಿಂಟನ್ ಬೆನ್ನಿಗೆ ನಿಂತಿದ್ದರು. ಅವರನ್ನು ಬೇಟೆಯಾಡಲಾಗುತ್ತಿದೆ ಎಂಬ ಭಾವನೆ ಅವರ ಬೆಂಬಲಿಗರಲ್ಲಿ ಬೆಳೆದಿತ್ತು. ನವೆಂಬರಿನ ಚುನಾವಣೆಯಲ್ಲಿ ಆ ಪಕ್ಷ ಕೆಳಮನೆಯಲ್ಲಿ ಐದು ಸ್ಥಾನ ಹೆಚ್ಚೇ ಗೆದ್ದಿತು. ಅಧ್ಯಕ್ಷರ ಅವಧಿಯ ನಡುವೆ ಬರುವ ಇಂಥ ಮಧ್ಯಂತರ ಚುನಾವಣೆಯಲ್ಲಿ ಅವರ ಪಕ್ಷ ಹೀಗೆ ಗೆಲ್ಲುವುದು ಬಲು ಅಪರೂಪ.

ಸುದ್ದಿ ಅಳತೆಗೋಲನ್ನೇ ಬದಲಿಸುವುದೂ ಉಂಟು. 1986ರ ನವೆಂಬರ್ 25ರಂದು ಅಮೆರಿಕದ ಅಟಾರ್ನಿ ಜನರಲ್ ಎಡ್ವಿನ್ ಮೀಸ್ ಪತ್ರಕರ್ತರ ಮುಂದೆ ಒಂದು ವಿಷಯ ಹೇಳಿದರು. ಇರಾನಿಗೆ ಗುಟ್ಟಾಗಿ ಆಯುಧ ಮಾರಿ ಬಂದ ದುಡ್ಡು ನಿಕರಾಗುವಾದ ಕಾಂಟ್ರಾ ಬಂಡುಕೋರರಿಗೆ ಹೋಗಿದೆ ಎಂದರು. ಅದೇ ಹೊತ್ತಿಗೆ ದೇಶದಾದ್ಯಂತ ಚುನಾವಣೋತ್ತರ ಸಮೀಕ್ಷೆಯೊಂದರ ಸಂದರ್ಶನಗಳು ನಡೆಯುತ್ತಿದ್ದವು. ಕೆಲವರನ್ನು ಈ ಹೇಳಿಕೆಗೆ ಮೊದಲು ಕೇಳಲಾಗಿತ್ತು, ಕೆಲವರನ್ನು ಆಮೇಲೆ. ಜಾನ್ ಕ್ರಾಸ್ನಿಕ್ ಮತ್ತು ಡೊನಾಲ್ಡ್ ಕಿಂಡರ್ ಇವೆರಡನ್ನು ಹೋಲಿಸಿ ನೋಡಿದರು. ಕಾಂಟ್ರಾ ನೆರವಿನ ಬಗ್ಗೆ ಜನರಿಗೆ ಇದ್ದ ಅಭಿಪ್ರಾಯಕ್ಕೆ, ಅಧ್ಯಕ್ಷ ರೊನಾಲ್ಡ್ ರೇಗನ್ ಅವರನ್ನು ಅಳೆಯುವಾಗ, ಹೇಳಿಕೆಯ ನಂತರ ಮೊದಲಿಗಿಂತ ಹೆಚ್ಚು ತೂಕ ಬಂದಿತ್ತು. ಸುದ್ದಿ ಪದೇಪದೇ ಬಂದಾಗ ಅದು ಮಾಡುವ ನಿಜವಾದ ಕೆಲಸ ಇದೇ. ನೀವು ಏನು ಯೋಚಿಸಬೇಕು ಎಂದು ಅದು ಹೇಳಲಾರದು. ಯಾವುದರ ಬಗ್ಗೆ ಯೋಚಿಸಬೇಕು ಎಂದು ಮಾತ್ರ ಚೆನ್ನಾಗಿ ಹೇಳಬಲ್ಲದು.

ಕರ್ನಾಟಕದಲ್ಲೂ ಇದು ಕಾಣಸಿಗುತ್ತದೆ. 1987ರ ಏಪ್ರಿಲ್ 16ರಂದು ಸ್ವೀಡನ್ ರೇಡಿಯೊ ಬೊಫೋರ್ಸ್ ಫಿರಂಗಿ ವ್ಯವಹಾರದಲ್ಲಿ ಲಂಚ ಸಂದಿದೆ ಎಂದು ಪ್ರಸಾರ ಮಾಡಿತು. ಆಮೇಲಿನ ಎರಡೂವರೆ ವರ್ಷ ಆ ಸುದ್ದಿ ಮುಖಪುಟ ಬಿಟ್ಟು ಹೆಚ್ಚು ದಿನ ದೂರ ಇರಲಿಲ್ಲ. 1984ರಲ್ಲಿ 400ಕ್ಕೂ ಹೆಚ್ಚು ಸ್ಥಾನ ಗೆದ್ದಿದ್ದ ಕಾಂಗ್ರೆಸ್ 1989ರಲ್ಲಿ 197ಕ್ಕೆ ಇಳಿಯಿತು. ಉತ್ತರ ಪ್ರದೇಶದಲ್ಲಿ 83 ಇದ್ದದ್ದು 15 ಆಯಿತು. ಅದೇ ಚುನಾವಣೆಯಲ್ಲಿ ಕರ್ನಾಟಕ ಕಾಂಗ್ರೆಸ್ಸಿಗೆ 28ರಲ್ಲಿ 27 ಸ್ಥಾನ ಕೊಟ್ಟಿತು. ಹಿಂದಿನ ಸಲ ಕೊಟ್ಟಿದ್ದು 24.

ಬೊಫೋರ್ಸ್ ಹೆಸರು ಇಲ್ಲಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಇಲ್ಲಿ ಅಧಿಕಾರದಲ್ಲಿದ್ದದ್ದು ಜನತಾ ಪರಿವಾರ. ಟೆಲಿಫೋನ್ ಕದ್ದಾಲಿಕೆ ವಿವಾದದಲ್ಲಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟಿದ್ದರು. ಒಳಜಗಳದಲ್ಲಿ ಪಕ್ಷ ಒಡೆದಿತ್ತು, ಎಸ್.ಆರ್. ಬೊಮ್ಮಾಯಿ ಸರ್ಕಾರ 1989ರ ಏಪ್ರಿಲ್‌ನಲ್ಲಿ ವಜಾ ಆಗಿತ್ತು. ವಿಧಾನಸಭೆ ಚುನಾವಣೆಯೂ ಜೊತೆಗೇ ನಡೆಯಿತು, ಕಾಂಗ್ರೆಸ್ 224ರಲ್ಲಿ 178 ಗೆದ್ದಿತು. ಪಕ್ಕದ ಆಂಧ್ರದಲ್ಲಿ ಆಡಳಿತ ತೆಲುಗು ದೇಶಂನದ್ದು. ಅಲ್ಲೂ ಲೋಕಸಭೆಯ 42ರಲ್ಲಿ 39 ಕಾಂಗ್ರೆಸ್ ಪಾಲಾಯಿತು. ದೆಹಲಿಯ ಹಗರಣಕ್ಕಿಂತ ಬೆಂಗಳೂರಿನ ಸರ್ಕಾರದ ಮೇಲಿನ ಬೇಸರವೇ ಇಲ್ಲಿನವರಿಗೆ ಮುಖ್ಯವಾಗಿತ್ತು ಎಂದೇ ನಾನು ಇದನ್ನು ಓದುತ್ತೇನೆ. ರಾಜೀವ್ ಗಾಂಧಿ ಅವರ ಮೇಲಿನ ಲಂಚದ ಆರೋಪವನ್ನು ದೆಹಲಿ ಹೈಕೋರ್ಟ್ 2004ರಲ್ಲಿ ತಳ್ಳಿಹಾಕಿತು, ಆಗ ಅವರು ಬದುಕಿರಲಿಲ್ಲ. ಅದನ್ನು ಹೇಳದೆ ಬೊಫೋರ್ಸ್ ಹೆಸರೆತ್ತುವುದು ಸರಿಯಲ್ಲ.

ಈಗ ಏನು ಬದಲಾಗಿದೆ

ಡೊನಾಲ್ಡ್ ಟ್ರಂಪ್ ಅವರ ಮೊದಲ ಅವಧಿಯ ನಾಲ್ಕು ವರ್ಷದಲ್ಲಿ ವಿವಾದದ ಸುದ್ದಿ ಇಲ್ಲದ ವಾರ ಹುಡುಕುವುದು ಕಷ್ಟ. ಗ್ಯಾಲಪ್‌ನಲ್ಲಿ ಅವರ ಮೆಚ್ಚುಗೆ ಶೇ 49ರ ಮೇಲೆ ಏರಲಿಲ್ಲ, ಶೇ 34ರ ಕೆಳಗೆ ಇಳಿಯಲಿಲ್ಲ. 2019ರ ಡಿಸೆಂಬರಿನಲ್ಲಿ ಮೊದಲ ವಾಗ್ದಂಡನೆ ಆಯಿತು. ಸೆನೆಟ್ ವಿಚಾರಣೆ ಮುಗಿಯುವ ಹೊತ್ತಿಗೆ, 2020ರ ಫೆಬ್ರವರಿಯ ಆರಂಭದಲ್ಲಿ, ಮೆಚ್ಚುಗೆ ಶೇ 49 ಇತ್ತು. ಅದುವರೆಗಿನ ಗರಿಷ್ಠ ಅದೇ. ರಿಪಬ್ಲಿಕನ್ನರಲ್ಲಿ ಅದು ಶೇ 94.

ನಂಟು ಉಳಿಸಿಕೊಳ್ಳಲು ಜನ ಅಳತೆಗೋಲನ್ನೇ ಬದಲಿಸಿಕೊಳ್ಳುತ್ತಾರೆ ಎನ್ನುವುದಕ್ಕೆ ಒಂದು ಅಂಕಿ ನನ್ನನ್ನು ಬಹಳ ಕಾಡುತ್ತದೆ. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡವರು ಸಾರ್ವಜನಿಕ ಹುದ್ದೆಯಲ್ಲಿ ನೈತಿಕವಾಗಿ ಕೆಲಸ ಮಾಡಬಲ್ಲರೇ ಎಂದು ಪಿಆರ್‌ಆರ್‌ಐ ಎಂಬ ಅಮೆರಿಕದ ಸಮೀಕ್ಷಾ ಸಂಸ್ಥೆ ಕೇಳಿತ್ತು. ಬೈಬಲ್ಲಿಗೆ ಕಟ್ಟುನಿಟ್ಟಾಗಿ ಅಂಟಿಕೊಳ್ಳುವ ಇವಾಂಜೆಲಿಕಲ್ ಕ್ರೈಸ್ತ ಪಂಥದ ಬಿಳಿಯರಲ್ಲಿ 2011ರಲ್ಲಿ ಹೌದು ಎಂದವರು ಶೇ 30. 2016ರ ಅಕ್ಟೋಬರಿನಲ್ಲಿ, ಟ್ರಂಪ್ ಮಹಿಳೆಯರ ಬಗ್ಗೆ ಆಡಿದ ಕೀಳು ಮಾತಿನ ಟೇಪ್ ಹೊರಬಂದ ತಿಂಗಳಲ್ಲಿ, ಶೇ 72. ಐದು ವರ್ಷದಲ್ಲಿ ಧರ್ಮಗ್ರಂಥ ಬದಲಾಗಿರಲಿಲ್ಲ. ಇದು ಒಂದೇ ಪಕ್ಷದವರ ರೋಗ ಎಂದು ಯಾರೂ ಭಾವಿಸಬಾರದು. 1998ರಲ್ಲಿ, ಹೆಣ್ಣುಮಕ್ಕಳ ಹಕ್ಕಿನ ಪರ ಇದ್ದ ಎಷ್ಟೋ ಡೆಮಾಕ್ರಟರು ಅಧ್ಯಕ್ಷ ಮತ್ತು ಇಂಟರ್ನ್ ನಡುವಿನ ಅಧಿಕಾರದ ಅಂತರವನ್ನು ದೊಡ್ಡದು ಮಾಡಲಿಲ್ಲ.

1973ಕ್ಕೂ ಇಂದಿಗೂ ಇರುವ ದೊಡ್ಡ ವ್ಯತ್ಯಾಸ, ಸುದ್ದಿ ಬರುವ ದಾರಿ. ಪ್ರಸಾರಕರು ವಿವಾದದ ಎರಡೂ ಬದಿ ತೋರಿಸಬೇಕೆಂಬ ನಿಯಮ ಅಮೆರಿಕದಲ್ಲಿ 1987ರಲ್ಲಿ ಹೋಯಿತು. ರಿಪಬ್ಲಿಕನ್ ಒಲವಿನ ಫಾಕ್ಸ್ ನ್ಯೂಸ್ ಚಾನೆಲ್ 1996ರಲ್ಲಿ ಬಂತು. 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನದ ಮೇಲೆ ಮಾಡಿದ ದಾಳಿಯ ಬಗ್ಗೆ 2022ರ ಜೂನ್‌ನಲ್ಲಿ ರಾತ್ರಿ ವೇಳೆ ಮೊದಲ ವಿಚಾರಣೆ ನಡೆದಾಗ ಸುಮಾರು 2 ಕೋಟಿ ಜನ ನೋಡಿದರು. ಆದರೆ ಫಾಕ್ಸ್ ತನ್ನ ಮುಖ್ಯ ಚಾನೆಲ್‌ನಲ್ಲಿ ಅದನ್ನು ನೇರವಾಗಿ ತೋರಿಸಲಿಲ್ಲ. ಅಲ್ಲೂ ಸ್ವಪಕ್ಷದ ದನಿ ಇತ್ತು. ವಿಚಾರಣೆ ನಡೆಸಿದ ಸಮಿತಿಯಲ್ಲಿದ್ದ ಲಿಜ್ ಚೆನಿ ರಿಪಬ್ಲಿಕನ್, ಪಕ್ಷದ ದೊಡ್ಡ ಹುದ್ದೆಯಲ್ಲಿದ್ದವರು. ಗೋಲ್ಡ್‌ವಾಟರ್ ಮಾತಿಗೆ ಸಿಕ್ಕ ಬೆಲೆ ಅವರಿಗೆ ಸಿಗಲಿಲ್ಲ. ಆ ಹುದ್ದೆ 2021ರಲ್ಲೇ ಹೋಗಿತ್ತು, 2022ರ ಆಗಸ್ಟ್‌ನಲ್ಲಿ ಪಕ್ಷದ ಒಳಚುನಾವಣೆಯಲ್ಲೇ ಸೋತರು. ಸ್ವಂತ ಪಕ್ಷದವರು ಮಾತಾಡಿದರೆ ಸಾಲದು, ಸಾಕಷ್ಟು ಮಂದಿ ಒಟ್ಟಿಗೆ ಮಾತಾಡಬೇಕು. ಒಬ್ಬಿಬ್ಬರು ಮಾತಾಡಿದರೆ ಅವರನ್ನೇ ಹೊರಗಿನವರನ್ನಾಗಿ ಮಾಡುವುದು ಸುಲಭ.

ಸುದ್ದಿ ಕೊಡುವವರ ಮೇಲಿನ ನಂಬಿಕೆಯೂ ಉಳಿದಿಲ್ಲ. 1970ರ ದಶಕದಲ್ಲಿ ಹತ್ತರಲ್ಲಿ ಏಳು ಅಮೆರಿಕನ್ನರು ಮಾಧ್ಯಮವನ್ನು ನಂಬುತ್ತಿದ್ದರು. 2016ರಲ್ಲಿ ಶೇ 32, ರಿಪಬ್ಲಿಕನ್ನರಲ್ಲಿ ಬರೀ ಶೇ 14. ಈ ಅನುಮಾನಕ್ಕೆ ಸ್ವಲ್ಪ ಆಧಾರವೂ ಇದೆ. ಸುಮಾರು 200 ಅಮೆರಿಕನ್ ಪತ್ರಿಕೆಗಳಲ್ಲಿ 35 ಹಗರಣಗಳ ಸುದ್ದಿಯನ್ನು ರಿಕಾರ್ಡೊ ಪುಗ್ಲಿಸಿ ಮತ್ತು ಜೇಮ್ಸ್ ಸ್ನೈಡರ್ ಅಳೆದು ನೋಡಿದ್ದಾರೆ. ಡೆಮಾಕ್ರಟರತ್ತ ಒಲವಿರುವ ಪತ್ರಿಕೆಗಳು ರಿಪಬ್ಲಿಕನ್ನರ ಹಗರಣಕ್ಕೆ ಹೆಚ್ಚು ಜಾಗ ಕೊಟ್ಟಿದ್ದವು, ಆ ಕಡೆಯವು ಈ ಕಡೆಯವರ ಹಗರಣಕ್ಕೆ. ಓದುಗನಿಗೆ ಇದು ಅಂಕಿಯಲ್ಲಿ ಗೊತ್ತಿರದಿದ್ದರೂ ಅನುಭವದಲ್ಲಿ ಗೊತ್ತಿರುತ್ತದೆ.

ಹಾಗಾದರೆ ಪುನರಾವರ್ತನೆಯಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಆದರೆ ಅಂಚಿನಲ್ಲಿ. ಯಾವ ಪಕ್ಷಕ್ಕೂ ಅಂಟಿಕೊಳ್ಳದವರಲ್ಲಿ ಆಗುತ್ತದೆ. ಒಂದೇ ಮಾತನ್ನು ಮತ್ತೆಮತ್ತೆ ಕೇಳಿದರೆ ಅದು ನಿಜವೆನ್ನಿಸತೊಡಗುತ್ತದೆ ಎಂದು 1977ರಷ್ಟು ಹಿಂದೆಯೇ ಮನಶ್ಶಾಸ್ತ್ರಜ್ಞರು ತೋರಿಸಿದ್ದರು. 2016ರಲ್ಲಿ ಟ್ರಂಪ್ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಹಿಲರಿ ಕ್ಲಿಂಟನ್ ಸಚಿವೆಯಾಗಿದ್ದಾಗ ಸರ್ಕಾರಿ ಕೆಲಸಕ್ಕೆ ಖಾಸಗಿ ಇಮೇಲ್ ಬಳಸಿದ ವಿವಾದವನ್ನು ನ್ಯೂಯಾರ್ಕ್ ಟೈಮ್ಸ್ ಹೇಗೆ ಮುಟ್ಟಿತು ಎಂದು ಡಂಕನ್ ವಾಟ್ಸ್ ಮತ್ತು ಡೇವಿಡ್ ರಾಥ್‌ಚೈಲ್ಡ್ ಲೆಕ್ಕ ಹಾಕಿದರು. ಚುನಾವಣೆಗೆ ಮುಂಚಿನ 69 ದಿನಗಳಲ್ಲಿ ಎಲ್ಲ ನೀತಿ ವಿಷಯಗಳನ್ನು ಸೇರಿಸಿ ಎಷ್ಟು ಮುಖಪುಟ ವರದಿ ಬಂದಿದ್ದವೋ, ಇಮೇಲ್ ಬಗ್ಗೆ ಆರೇ ದಿನದಲ್ಲಿ ಅಷ್ಟು ಬಂದಿದ್ದವು. ಹಿಲರಿ ಬಗ್ಗೆ ಏನು ಓದಿದಿರಿ ಎಂದು ಆ ವರ್ಷ ಗ್ಯಾಲಪ್ ಕೇಳಿದಾಗ ಜನರ ಬಾಯಲ್ಲಿ ಅತಿ ಹೆಚ್ಚು ಬಂದ ಪದ ಇಮೇಲ್. ಟ್ರಂಪ್ ಗೆಲುವನ್ನು ತೀರ್ಮಾನಿಸಿದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಈ ಮೂರು ರಾಜ್ಯಗಳ ಅಂತರ ಕೂಡಿಸಿದರೂ ಆಗಿದ್ದು 80 ಸಾವಿರಕ್ಕಿಂತ ಕಡಿಮೆ ಮತ. ಇಮೇಲ್ ಸುದ್ದಿಯೊಂದೇ ಫಲಿತಾಂಶ ತೀರ್ಮಾನಿಸಿತು ಎನ್ನಲಾಗದು. ಅಷ್ಟು ಸಣ್ಣ ಅಂತರದಲ್ಲಿ ಸಣ್ಣ ಪರಿಣಾಮಕ್ಕೂ ಬೆಲೆ ಇರುತ್ತದೆ ಎನ್ನಬಹುದು.

ಇನ್ನೊಂದು ಅಂಚು, ಮತಗಟ್ಟೆಗೆ ಹೋಗುವುದು ಮತ್ತು ಹೋಗದಿರುವುದು. ಬೆಂಬಲಿಗ ಎದುರು ಪಕ್ಷಕ್ಕೆ ಹಾರುವುದು ಅಪರೂಪ. ಬೇಸರವಾಗಿ ಮನೆಯಲ್ಲಿ ಉಳಿಯುವುದು ಅಷ್ಟು ಅಪರೂಪವಲ್ಲ. ಅಭಿಪ್ರಾಯ ಕೇಳುವ ಸಮೀಕ್ಷೆಯಲ್ಲಿ ಇವನು ಇನ್ನೂ ಪಕ್ಷದವನೇ ಆಗಿ ಎಣಿಕೆಗೆ ಸಿಗುತ್ತಾನೆ. ನಿಕ್ಸನ್ ಹೋದ ಮೂರು ತಿಂಗಳಿಗೆ ಮಧ್ಯಂತರ ಚುನಾವಣೆ ಬಂತು. ಹೊಸ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸೆಪ್ಟೆಂಬರ್ 8ರಂದು ನಿಕ್ಸನ್‌ಗೆ ಕ್ಷಮಾದಾನ ಕೊಟ್ಟಿದ್ದರು. ನವೆಂಬರಿನಲ್ಲಿ ಮತದಾನದ ಪ್ರಮಾಣ ನಾಲ್ಕು ವರ್ಷದ ಹಿಂದಿನದಕ್ಕಿಂತ ಸಾಕಷ್ಟು ಇಳಿಯಿತು, ಡೆಮಾಕ್ರಟರು ಕೆಳಮನೆಯಲ್ಲಿ 49 ಸ್ಥಾನ ಹೆಚ್ಚಿಗೆ ಗೆದ್ದರು.